ವಿರಾಜಪೇಟೆಯಲ್ಲಿ ಸಿಗೋ ಕಿಳಿಮೀನೇ ಪ್ಯಾರಟ್ ಫಿಶ್ಶಾ?

ಗೋಣಿಕೊಪ್ಪದವಳು:
ಭಾನುವಾರ ವಿರಾಜಪೇಟೆ ಮಾರ್ಕೆಟಿಂದ ಮೀನು ತಂದ್ವಿ, ಮಾಕುಟ್ಟ ದಾಟಿ ಕಣ್ಣೂರು ಕಡೆಯಿಂದ ಬಂದಿದ್ದು, ಅಂಗಡಿಯಣ್ಣ ಕಿಳಿಮೀನ್ ಅಂದ್ರು. ಕಿಳಿ ಅಂದ್ರೆ ಗಿಳಿ ತಾನೇ ಅಂತ ಮಗ ಮೊಬೈಲಲ್ಲಿ ಪ್ಯಾರಟ್ ಫಿಶ್ ಹುಡುಕಿದ್ರೆ ಹಸಿರು-ನೀಲಿ ಮೀನು ಬರ್ತಿದೆ, ನಾವು ತಂದಿದ್ದು ಗುಲಾಬಿ. ಸ್ಕೂಲ್ ಪ್ರಾಜೆಕ್ಟಿಗೆ ಬರೀಬೇಕು, ಯಾವುದು ಸರಿ?

ಮಡಿಕೇರಿ ಮಳೆ:
ಎರಡೂ ಬೇರೆ ಬೇರೆ ಅಕ್ಕ. ಮಲಯಾಳದಲ್ಲಿ ಕಿಳಿ ಅಂದ್ರೆ ಸಾಮಾನ್ಯವಾಗಿ ಹಕ್ಕಿ, ಗಿಳಿಗೆ ಹೆಚ್ಚಾಗಿ ತತ್ತ ಅಂತಾರೆ. ನೀವು ತಂದಿದ್ದು ಪಿಂಕ್ ಪರ್ಚ್, ಮೈಮೇಲೆ ಹಳದಿ ಗೀಟು ಇರುತ್ತೆ, ಸಮುದ್ರದ ತಳದ ಮರಳು ಕೆಸರಲ್ಲಿದ್ದು ಸಣ್ಣ ಸೀಗಡಿ, ಏಡಿ, ಮೀನು ತಿನ್ನುತ್ತೆ. ಪ್ಯಾರಟ್ ಫಿಶ್ ಇರೋದು ಹವಳದ ದಿಬ್ಬಗಳಲ್ಲಿ, ಅಂದ್ರೆ ಹವಳ ಅನ್ನೋ ಸಣ್ಣ ಸಮುದ್ರಜೀವಿಗಳು ಕಟ್ಟಿದ ಸುಣ್ಣದ ಬಂಡೆಗಳಲ್ಲಿ.

ಕಾಫಿತೋಟ_೭೭:
ನಾನು ಲಕ್ಷದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡುವಾಗ ನೋಡಿದೀನಿ, ಇವತ್ತಿಗೂ ಕಣ್ಣಲ್ಲೇ ಇದೆ. ಮೊದಲು ಕೇಳಿದ್ದು ಸದ್ದು, ನೀರೊಳಗೆ ಯಾರೋ ಕಲ್ಲುಸಕ್ಕರೆ ಕಡಿದ ಹಾಗೆ ಕಟ್ ಕಟ್ ಅಂತ, ತಿರುಗಿ ನೋಡಿದ್ರೆ ಇದು ಬಂಡೆ ಕೆರೀತಾ ಇದೆ! ಹಲ್ಲೆಲ್ಲ ಕೂಡಿಕೊಂಡು ಗಿಳಿ ಕೊಕ್ಕಿನ ಹಾಗೇ ಆಗಿರುತ್ತೆ, ಅದರಲ್ಲಿ ಸತ್ತ ಹವಳದ ಮೇಲಿನ ಪಾಚಿನ ಕಲ್ಲಿನ ಸಮೇತ ಕೆರೆದು ತಿನ್ನುತ್ತೆ, ಗಂಟಲಲ್ಲಿ ಇನ್ನೊಂದು ಜೊತೆ ಹಲ್ಲು ಇದೆ, ಅದು ಬೀಸೋ ಕಲ್ಲಿನ ಹಾಗೆ ಎಲ್ಲಾ ಪುಡಿ ಮಾಡುತ್ತೆ, ಹೊಟ್ಟೆ ಅಂತ ಬೇರೆ ಚೀಲ ಇಲ್ಲ, ಸೀದಾ ಕರುಳಿಗೆ. ಉಳಿದ ಸುಣ್ಣದ ಪುಡಿ ಹಿಂದಿನಿಂದ ಬಿಳಿ ಮರಳಾಗಿ ಉದುರೋದನ್ನ ಕಣ್ಣಾರೆ ನೋಡಿದೆ. ಹವಳದ ದ್ವೀಪಗಳ ಬಿಳಿ ಮರಳಲ್ಲಿ ಇದರ ಪಾಲು ದೊಡ್ಡದು.

ಬಣ್ಣನೂ ಬದಲಾಗುತ್ತೆ. ಸುಮಾರು ಜಾತಿಗಳಲ್ಲಿ ಮೊದಲು ಕಂದು, ಬೂದು ಬಣ್ಣದ ಹೆಣ್ಣು, ಆಮೇಲೆ ಗಂಡಾಗಿ ಹಸಿರು-ನೀಲಿ ಬರುತ್ತೆ. ಕೆಲವು ಜಾತಿ ರಾತ್ರಿ ಲೋಳೆಯ ಗೂಡು ಕಟ್ಕೊಂಡು ಅದರೊಳಗೆ ಮಲಗುತ್ತೆ, ಮಗನಿಗೆ ಇದನ್ನ ಖಂಡಿತ ಹೇಳಿ.

ಇನ್ನೊಂದು ಮಾತು. 1998ರಲ್ಲಿ ನೀರು ಬಿಸಿಯಾಗಿ ಲಕ್ಷದ್ವೀಪದ ಹವಳ ಸಿಕ್ಕಾಪಟ್ಟೆ ಬೆಳ್ಳಗಾಗಿ ಸತ್ತಿತ್ತು. ಹಾಗೆ ಸತ್ತ ಕಡೆ ಪಾಚಿ ಮುಚ್ಚಿಬಿಟ್ರೆ ಮರಿ ಹವಳಕ್ಕೆ ಕೂರೋಕೆ ಜಾಗ ಇರಲ್ಲ, ಜಾಗ ಬಿಡಿಸೋದು ಇಂಥ ಮೀನುಗಳೇ. ತೋಟದಲ್ಲಿ ಕಳೆ ತೆಗೆಯೋರೇ ಬರದಿದ್ರೆ ಸಣ್ಣ ಗಿಡ ಏನಾಗುತ್ತೆ ನಿಮಗೆ ಗೊತ್ತಲ್ಲ. ಅದಕ್ಕೇ ಕೊಕ್ಕಿರೋ ಹಸಿರು-ನೀಲಿ ಮೀನು ಅಂಗಡಿಗೆ ಬಂದ್ರೆ ದಯವಿಟ್ಟು ತಗೋಬೇಡಿ.

ಗೋಣಿಕೊಪ್ಪದವಳು:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಲೋಳೆ ಗೂಡಿನ ಚಿತ್ರ ಬಿಡಿಸ್ತಾ ಕೂತಿದ್ದಾನೆ, ಬೆಳಗಾದ ಮೇಲೆ ಆ ಗೂಡು ಏನಾಗುತ್ತೆ ಅಂತ ಕೇಳ್ತಿದ್ದಾನೆ.

ಕಾಫಿತೋಟ_೭೭:
ಮೀನು ಅದನ್ನ ಬಿಟ್ಟು ಹೊರಗೆ ಬರುತ್ತೆ ಅಕ್ಕ, ರಾತ್ರಿಗೆ ಮತ್ತೆ ಹೊಸದು.