ಫೈರ್ ಕಾಲ್ ಮುಗಿಸಿ ಬಂದವರು ಮನೆಯಲ್ಲಿ ಮಾತೇ ಆಡ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಹೆಸರು ಹಾಕಬೇಡಿ ಎಂದಿದ್ದಾರೆ):
ಮೇಡಂ, ನಮ್ಮ ಯಜಮಾನರು ಅಗ್ನಿಶಾಮಕ ಠಾಣೆಯಲ್ಲಿ ಫೈರ್‌ಮನ್, ಹನ್ನೊಂದು ವರ್ಷದ ಸರ್ವಿಸ್. ಮೂರು ವಾರದ ಹಿಂದೆ ಹೈವೇಯಲ್ಲಿ ಕಾರೊಂದು ಲಾರಿಗೆ ಗುದ್ದಿ ಹೊತ್ತಿಕೊಂಡಿತ್ತು. ಇವರ ಗಾಡಿ ಹೋಗುವಷ್ಟರಲ್ಲಿ ಒಳಗಿದ್ದವರು ಯಾರೂ ಉಳಿದಿರಲಿಲ್ಲ. ಒಂದು ಮಗುವೂ ಇತ್ತಂತೆ. ಇಷ್ಟನ್ನೂ ಇವರು ಹೇಳಿದ್ದಲ್ಲ, ಜೊತೆಯವರ ಮನೆಯಾಕೆಯಿಂದ ಗೊತ್ತಾಯಿತು. ಆವತ್ತಿನಿಂದ ರಾತ್ರಿ ಎರಡು ಗಂಟೆಗೆ ಎದ್ದು ಜಗಲಿ ಮೇಲೆ ಕೂರುತ್ತಾರೆ. ಐದು ವರ್ಷದ ಮಗಳು ತೊಡೆ ಹತ್ತಿದರೆ ಕೆಳಗಿಳಿಸಿ ಎದ್ದು ಹೋಗುತ್ತಾರೆ. ಮೊನ್ನೆ ಗೊಜ್ಜಿಗೆ ಬದನೆಕಾಯಿ ಸುಡುತ್ತಿದ್ದೆ. ಒಳಗೆ ಬಂದವರೇ ಒಲೆ ಆರಿಸಿ, ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡರು. ದಿನಾ ಕೇಳುತ್ತೇನೆ, ಕೇಳಿದಷ್ಟೂ ಬಾಯಿ ಬಿಗಿಯುತ್ತಾರೆ. ಹೇಳಿಕೊಂಡರೆ ಮನಸ್ಸು ಹಗುರ ಆಗುತ್ತೆ ಅಲ್ವಾ? ಹೇಗೆ ಬಾಯಿ ಬಿಡಿಸಲಿ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್):
ಮೊದಲು ಬಾಯಿ ಬಿಡಿಸುವ ಪ್ರಯತ್ನ ಬಿಡಿ. ಸಿಟ್ಟಾಗಬೇಡಿ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಅವರು ಅಲ್ಲಿ ಕಂಡದ್ದನ್ನು ಮನೆಯೊಳಕ್ಕೆ ತರಬಾರದು ಎಂದು ಹೊಸ್ತಿಲಲ್ಲೇ ತಡೆದು ನಿಂತಿದ್ದಾರೆ. ನೀವು ದಿನಾ ಕೇಳಿದರೆ ದಿನಾ ಆ ಕಾರಿನ ಹತ್ತಿರ ವಾಪಸ್ ಹೋಗಿ ಬರಬೇಕಾಗುತ್ತದೆ.

ಬದನೆಕಾಯಿಯ ವಿಷಯ. ಕಣ್ಣು, ಕಿವಿಯ ಸುದ್ದಿ ಮಿದುಳಿನಲ್ಲಿ ಒಂದು ನಿಲ್ದಾಣ ದಾಟಿಯೇ ಮುಂದೆ ಹೋಗುತ್ತದೆ. ವಾಸನೆ ಹಾಗಲ್ಲ, ಭಯ ಮತ್ತು ನೆನಪಿನ ಭಾಗಗಳಿಗೆ ಹೆಚ್ಚುಕಡಿಮೆ ನೇರವಾಗಿ ಮುಟ್ಟುತ್ತದೆ. ಅವರು ಯೋಚಿಸುವ ಮೊದಲೇ ಹೊಟ್ಟೆ ತೊಳಸಿರುತ್ತದೆ. ಅದು ನಾಟಕವೂ ಅಲ್ಲ, ಪುಕ್ಕಲುತನವೂ ಅಲ್ಲ. ಸದ್ಯ ಸುಡುವ ಅಡುಗೆ ಬೇಡ.

ಮಗಳನ್ನು ದೂರ ಇಡುವುದು ಪ್ರೀತಿ ಕಡಿಮೆಯಾಗಿ ಅಲ್ಲ. ಅವಳನ್ನು ಮುಟ್ಟಿದರೆ ಇನ್ನೊಂದು ಮಗು ಕಣ್ಣ ಮುಂದೆ ಬರುತ್ತಿರಬಹುದು. ಮಗುವಿಗೆ ಇದು ತಿಳಿಯುವುದಿಲ್ಲ, ತಾನೇ ಏನೋ ತಪ್ಪು ಮಾಡಿದೆ ಅಂದುಕೊಳ್ಳುತ್ತದೆ. "ಅಪ್ಪನಿಗೆ ಕೆಲಸದಲ್ಲಿ ಬೇಜಾರಾಗಿದೆ ಪುಟ್ಟಾ, ನಿನ್ನ ಮೇಲೆ ಕೋಪ ಇಲ್ಲ" ಅಂತ ನೀವೇ ಹೇಳಿ, ಇವತ್ತೇ.

ರಾತ್ರಿ ಅವರು ಜಗಲಿಗೆ ಹೋದಾಗ ಸುಮ್ಮನೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಪ್ರಶ್ನೆ ಬೇಡ. ಬೇಕಾದರೆ ಬೆಳಿಗ್ಗೆ ಗ್ಯಾಸ್ ತರಬೇಕು ಅಂತ ಮಾತಾಡಿ. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ, ಅದೂ ಅರ್ಧ ವಾಕ್ಯದಲ್ಲಿ. ಉಳಿದರ್ಧ ಎಳೆಯಲು ಹೋಗಬೇಡಿ.

ಇಂಥ ಘಟನೆಯ ನಂತರ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚಿಬೀಳುವುದು ಸಾಮಾನ್ಯ. ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಹೀಗೇ ಇದ್ದರೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ, ಇರಬಹುದೇ ಎಂದು ನೋಡಬೇಕು. ನಿಮಗೆ ಮೂರು ವಾರ ಆಗಿದೆ, ಆದ್ದರಿಂದ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಯಾವತ್ತು ಹೋಗುವುದೆಂದು ಈಗಲೇ ಗೊತ್ತುಮಾಡಿಕೊಳ್ಳಿ. ಬದುಕಿ ಏನು ಪ್ರಯೋಜನ ಎಂಬ ಧಾಟಿಯ ಮಾತು ಬಂದರೆ ಮಾತ್ರ ತಿಂಗಳು ಕಾಯಬಾರದು, ಅದೇ ದಿನ ಕರೆದುಕೊಂಡು ಹೋಗಿ. 14416 ಟೆಲಿ-ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಿಂದ ಇದೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೀವೂ ಮಾಡಬಹುದು.

ಪ್ರಶ್ನೆ ಕೇಳಿದವರು:
ಬರೆಯುವಾಗ ಒಂದು ಮುಚ್ಚಿಟ್ಟಿದ್ದೆ ಮೇಡಂ. ಮೊದಲು ಹಬ್ಬ ಹುಣ್ಣಿಮೆಗೆ ಕುಡಿಯುತ್ತಿದ್ದರು, ಈಗ ದಿನಾ ಒಂದು ಕ್ವಾರ್ಟರ್. ಅದರ ಬದಲು ಮೆಡಿಕಲ್ ಶಾಪಿನಲ್ಲಿ ನಿದ್ದೆ ಮಾತ್ರೆ ತಂದುಕೊಡಲಾ?

ಉತ್ತರ:
ಖಂಡಿತ ಬೇಡ. ಕುಡಿತದ ಮೇಲೆ ನಿದ್ದೆ ಮಾತ್ರೆ ಬಿದ್ದರೆ ಉಸಿರಾಟಕ್ಕೇ ಅಪಾಯ. ಇಂಥ ಆಘಾತವಾದ ಮೊದಲ ತಿಂಗಳಲ್ಲಿ ಬೆಂಜೋಡಯಾಜೆಪಿನ್ ಜಾತಿಯ ನಿದ್ದೆ ಮಾತ್ರೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ದಿನಾ ಕುಡಿಯುತ್ತಿದ್ದಾರೆ ಅಂದ ಮೇಲೆ ನನ್ನ ಲೆಕ್ಕ ಬದಲಾಯಿತು, ತಿಂಗಳು ತುಂಬುವುದನ್ನು ಕಾಯಬೇಡಿ. ಈ ವಾರವೇ ತೋರಿಸಿ.

ಠಾಣಾಧಿಕಾರಿಯೊಬ್ಬರು:
ಮೇಡಂ, ಮಧ್ಯೆ ಬಾಯಿ ಹಾಕ್ತಿದ್ದೀನಿ. ಹಿಂದಿನ ವರ್ಷ ಕೆರೆಯಿಂದ ಮೂರು ಮಕ್ಕಳ ದೇಹ ತೆಗೆದೆವು. ಆ ರಾತ್ರಿಯೇ ಹುಡುಗರನ್ನೆಲ್ಲ ಕೂರಿಸಿ, ಯಾರು ಏನು ನೋಡಿದಿರಿ, ಹೇಗನ್ನಿಸಿತು ಅಂತ ಒಬ್ಬೊಬ್ಬರಿಂದಲೂ ಹೇಳಿಸಿದೆ. ಯಾವುದೋ ತರಬೇತಿಯಲ್ಲಿ ಹಾಗೇ ಹೇಳಿಕೊಟ್ಟಿದ್ದರು. ನಿಮ್ಮ ಮಾತು ನೋಡಿದರೆ ನಾನು ಮಾಡಿದ್ದು ತಪ್ಪಾ?

ಉತ್ತರ:
ಸರ್, ಹುಡುಗರ ಬಗ್ಗೆ ಯೋಚಿಸಿದಿರಲ್ಲ, ಅದು ದೊಡ್ಡದು. ಆದರೆ ಆ ಪದ್ಧತಿ ಹಳೆಯದು. ಅಮೆರಿಕದಲ್ಲಿ ಸ್ವತಃ ಅಗ್ನಿಶಾಮಕ ದಳದಲ್ಲಿ ದುಡಿದಿದ್ದ ಜೆಫ್ರಿ ಮಿಚೆಲ್ 1983ರಲ್ಲಿ ಅದಕ್ಕೊಂದು ರೂಪ ಕೊಟ್ಟರು, ಆಮೇಲೆ ಜಗತ್ತೆಲ್ಲ ಹಬ್ಬಿತು. 1997ರಲ್ಲಿ ಬ್ರಿಟನ್ನಿನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆಯಿತು. ಹಾಗೆ ಕೂರಿಸಿ ಹೇಳಿಸಿದವರಲ್ಲಿ 13 ತಿಂಗಳ ನಂತರ ಶೇ. 26 ಮಂದಿಗೆ ಪಿಟಿಎಸ್‌ಡಿ ಇತ್ತು, ಹೇಳಿಸದೆ ಬಿಟ್ಟವರಲ್ಲಿ ಶೇ. 9. ಹೇಳಿಸಿದವರ ಗಾಯವೇ ಮೊದಲಿನಿಂದ ಸ್ವಲ್ಪ ಹೆಚ್ಚಿತ್ತು, ಜೊತೆಗೆ ಅವರು ರೋಗಿಗಳು, ನಿಮ್ಮ ಹಾಗೆ ತಂಡದವರಲ್ಲ ಎಂಬ ತಕರಾರುಗಳಿವೆ, ನ್ಯಾಯವಾದ ತಕರಾರೇ. ಆದರೂ ಆಮೇಲಿನ ಪರಿಶೀಲನೆಗಳಲ್ಲೂ ಲಾಭ ಕಾಣಲಿಲ್ಲ. ಅದಕ್ಕೇ ಈಗ ಕಡ್ಡಾಯವಾಗಿ ಹೇಳಿಸಬೇಡಿ ಅನ್ನುತ್ತಾರೆ. ಪಕ್ಕದವನು ಕಂಡ ಭೀಕರವನ್ನು ಕೇಳಿ, ತಾನು ಕಾಣದ್ದನ್ನೂ ತಲೆಯಲ್ಲಿ ಹೊತ್ತು ಮನೆಗೆ ಹೋದ ಹುಡುಗರು ನನ್ನ ಹತ್ತಿರವೇ ಬಂದಿದ್ದಾರೆ.

ಕೆಲಸದ ವಿಮರ್ಶೆ ಬೇರೆ ವಿಷಯ. ಹಗ್ಗ ಸಾಲಲಿಲ್ಲ, ದಾರಿ ತಪ್ಪಿತು, ಬಿಎ ಸೆಟ್ (ಹೊಗೆಯಲ್ಲಿ ಉಸಿರಾಡಲು ಹಾಕುವ ಉಪಕರಣ) ಕೈಕೊಟ್ಟಿತು, ಇವನ್ನು ಬಿಡದೆ ಮಾತಾಡಿ. "ನಾನು ಎರಡು ನಿಮಿಷ ಮೊದಲು ಹೋಗಿದ್ದರೆ" ಎಂದು ಕೊರಗುವವನಿಗೆ, ಎರಡು ನಿಮಿಷದಿಂದ ಏನೂ ಬದಲಾಗುತ್ತಿರಲಿಲ್ಲ ಎಂದು ಗಡಿಯಾರದ ಲೆಕ್ಕದಲ್ಲಿ ತೋರಿಸಬಲ್ಲವರು ನೀವು, ನಾನಲ್ಲ.

ಉಳಿದಂತೆ ಸ್ನಾನಕ್ಕೆ ಬಿಸಿನೀರು, ಒಗೆದ ಬಟ್ಟೆ, ಊಟ, ಮನೆಗೊಂದು ಫೋನ್. ಅದೇ ಹುಡುಗನನ್ನು ಮರುದಿನದ ಬಾವಿಯ ಕೇಸಿಗೆ ಇಳಿಸದಿರುವುದು. ವಾರಕ್ಕೊಮ್ಮೆ "ನಿದ್ದೆ ಬರ್ತಿದೆಯೇನಪ್ಪಾ" ಎಂದು ಒಬ್ಬನನ್ನೇ ಕರೆದು ಕೇಳುವುದು, ತಿಂಗಳಾದ ಮೇಲೆ ಇನ್ನೊಮ್ಮೆ. ಬೇರೆಯವರ ಮುಂದೆ ಕೇಳಬೇಡಿ. "ಚೆನ್ನಾಗಿದೀನಿ ಸರ್" ಅಂತಲೇ ಉತ್ತರ ಬರುತ್ತದೆ.

ಹೊಸದಾಗಿ ಸೇರಿದ ಫೈರ್‌ಮನ್:
ಆಸ್ಪತ್ರೆಗೆ ಹೋದರೆ ಇಲಾಖೆಗೆ ಗೊತ್ತಾಗಿ ಪ್ರಮೋಷನ್ನಿಗೆ ತೊಂದರೆ ಅಂತಾರೆ. ನಿಜಾನಾ?

ಉತ್ತರ:
2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗೋಪ್ಯ. ನಿಮ್ಮ ಮೇಲಧಿಕಾರಿ ಕೇಳಿದರು ಎಂದ ಮಾತ್ರಕ್ಕೆ ವೈದ್ಯರು ಹೇಳುವಂತಿಲ್ಲ. ರಜೆಗೆ ಸರ್ಟಿಫಿಕೇಟ್ ಬೇಕಾದಾಗ ಅದರಲ್ಲಿ ಏನು ಬರೆಯುತ್ತೀರಿ ಎಂದು ಮೊದಲೇ ಕೇಳಿಕೊಳ್ಳಿ. ಠಾಣೆಯ ಗುಸುಗುಸು ತಡೆಯಲು ಮಾತ್ರ ಯಾವ ಕಲಮೂ ಇಲ್ಲ, ಅದು ನಿಮ್ಮ ಸಾಹೇಬರ ಕೈಲಿದೆ.

ನಿವೃತ್ತ ಲೀಡಿಂಗ್ ಫೈರ್‌ಮನ್, ಧಾರವಾಡ:
ನಮ್ಮ ಕಾಲದಾಗ ಇಂಥಾ ಮಾತ ಇರಲಿಲ್ರಿ ಬಾಯಾರ. ಹೆಣ ತಗದ ದಿನಾ ಬರೂ ಹಾದ್ಯಾಗ ಎಣ್ಣಿ ಹಾಕೋದು, ಅಷ್ಟ. 2019ರ ಮಾರ್ಚದಾಗ ನಮ್ಮೂರ ಕುಮಾರೇಶ್ವರ ನಗರದಾಗ ಕಟ್ಟೋ ಬಿಲ್ಡಿಂಗ್ ಬಿತ್ತಲ್ರಿ, ನಾನೂ ಇದ್ದೆ. ಹತ್ತೊಂಬತ್ತು ಮಂದಿ ಹೋದ್ರು. ಮೂರನೇ ದಿನಕ್ಕೂ ಜೀವಂತ ಮಂದಿ ಹೊರಗ ಬಂದ್ರು, ಆದ್ರ ನನಗ ಅವರ ಮಾರಿ ನೆನಪಾಗೂದಿಲ್ಲ, ಹೋದವರದ ಆಗ್ತದ. ಇವತ್ತಿಗೂ ಜೆಸಿಬಿ ಸಪ್ಪಳ ಕೇಳಿದ್ರ ಎದಿ ಹೊಡಕೋತದ. ಇಷ್ಟು ವರ್ಷ ಆದಮ್ಯಾಲೆ ತೋರಿಸಿದ್ರ ಉಪಯೋಗ ಐತೇನ್ರಿ? ಮತ್ತ ಅಲ್ಲೂ ಎಲ್ಲಾ ಹೇಳಸ್ತಾರೇನು?

ಉತ್ತರ:
ಉಪಯೋಗ ಇದೆ ಸರ್, ಎಷ್ಟು ವರ್ಷವಾದರೂ. ನಿಮ್ಮೂರಲ್ಲೇ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ಅಲ್ಲಿ ಹೇಳಬೇಕಾಗುತ್ತದೆ, ನಿಜ. ಆದರೆ ನಾನು ಬೇಡ ಅಂದದ್ದು ಗಾಯ ಹಸಿ ಇರುವಾಗ, ಎಲ್ಲರ ಮುಂದೆ, ಒಂದೇ ರಾತ್ರಿಯಲ್ಲಿ ಹೇಳಿಸುವುದನ್ನು. ಚಿಕಿತ್ಸೆಯಲ್ಲಿ ಒಬ್ಬರ ಮುಂದೆ, ವಾರಕ್ಕಿಷ್ಟು ಎಂದು, ನಿಮಗೆ ತಡೆಯುವಷ್ಟೇ. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಸಲ. ಜೆಸಿಬಿ ಸದ್ದು ಬರೀ ಜೆಸಿಬಿ ಸದ್ದಾಗಿ ಕೇಳಿಸುವವರೆಗೆ. ಅಂದಹಾಗೆ, ಮೃತದೇಹದ ಅವಶೇಷ ಆಯುವ ಸಿಬ್ಬಂದಿಗೂ ಪಿಟಿಎಸ್‌ಡಿ ಬರಬಹುದು ಎಂದು ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಉದಾಹರಣೆ ಕೊಟ್ಟೇ ಬರೆದಿದೆ. "ನನಗೇನೂ ಆಗಿಲ್ಲವಲ್ಲ, ಸತ್ತವರು ಅವರು" ಎಂದು ಹಿಂಜರಿಯಬೇಡಿ.

ನಿವೃತ್ತ ಲೀಡಿಂಗ್ ಫೈರ್‌ಮನ್:
ಹೋಗ್ತೀನ್ರಿ. ಆ ತಂಗಿಗೆ ಒಂದ ಮಾತು. ನಿಮ್ಮ ಯಜಮಾನರು ಯಾವ ಜಿಲ್ಲಾದಾಗ ಅದಾರ, ನನಗ ಒಬ್ಬಂಗ ಮೆಸೇಜ್ ಹಾಕವ್ವ. ಹಳೇ ಮಂದಿ ಎಲ್ಲಾ ಕಡೆ ಪರಿಚಯ ಅದಾರ. ಯಾರರ ಚಾ ಕುಡಿಯೋ ನೆವದಾಗ ಹೋಗಿ ಕುಂತ್ ಬರ್ತಾರ.

ಪ್ರಶ್ನೆ ಕೇಳಿದವರು:
ಹಾಕಿದ್ದೀನಿ ಅಣ್ಣಾ. ನಿನ್ನೆ ರಾತ್ರಿ ಮೇಡಂ ಹೇಳಿದ ಹಾಗೆ ಪಕ್ಕದಲ್ಲಿ ಕೂತೆ, ಏನೂ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ "ಮಗೂಗೆ ಹೊದಿಸಿದೀಯಾ" ಅಂದರು.