ಪದಚರ್ಚೆ: ಕೋಡಿನಲ್ಲಿರುವುದು ‘ದುರ್ಬಲತೆ’ಯೋ ‘ಕಿಂಡಿ’ಯೋ?

ಗೆಳೆಯರೇ,

ಡಿಪ್ಲೊಮಾ ಓದುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ, ನಿಮ್ಮ ಕೈ ಬೇಕು.

ವಿಷಯ ಇದು: ಕೋಡಿನ ಭದ್ರತೆ ನೋಡುವ ಸ್ಕ್ಯಾನರನ್ನು, ಕೋಡು ಬರೆದುಕೊಡುವ ಎಐ ಸಹಾಯಕಕ್ಕೆ ಜೋಡಿಸುವುದು. ನಾವು ಇಟ್ಟುಕೊಂಡಿರುವ ಸ್ಕ್ಯಾನರ್ ಬ್ಯಾಂಡಿಟ್, ಪೈಥಾನ್ ಕೋಡಿಗೆಂದೇ ಇರುವ ಉಚಿತ ಸಾಧನ. (ಕಾವಲಿಗೆ ದರೋಡೆಕೋರನ ಹೆಸರಿಟ್ಟವರು ಯಾರೋ, ಅವರಿಗೊಂದು ನಮಸ್ಕಾರ.) ನಡುವಿನ ಸೇತುವೆ ಎಂಸಿಪಿ, ಅಂದರೆ ಎಐ ಕಂಪನಿ ಆಂತ್ರೊಪಿಕ್ 2024ರ ನವೆಂಬರಿನಲ್ಲಿ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್, ಎಐ ಹೊರಗಿನ ಸಾಧನಗಳನ್ನು ಬಳಸಲು ಇರುವ ಒಂದು ಒಪ್ಪಿತ ರೀತಿ. ಸಹಾಯಕ ಕೋಡು ಬರೆದ ಕೂಡಲೇ ತಾನೇ ಬ್ಯಾಂಡಿಟ್ ಓಡಿಸಿ, ವರದಿ ಓದಿ, ಅದನ್ನು ಹುಡುಗನಿಗೆ ಕನ್ನಡದಲ್ಲಿ ಹೇಳಬೇಕು. ಜೋಡಣೆ ಅರ್ಧ ದಿನಕ್ಕೆ ಮುಗಿಯಿತು. ಕನ್ನಡ ಇನ್ನೂ ಮುಗಿದಿಲ್ಲ.

ಮೊದಲ ದಿನ ಪರದೆ ಮೇಲೆ ಬಂದದ್ದು: “ನಿಮ್ಮ ಸಂಕೇತದಲ್ಲಿ ದುರ್ಬಲತೆ ಕಂಡುಬಂದಿದೆ. ತೀವ್ರತೆ: ಮಧ್ಯಮ. ಆತ್ಮವಿಶ್ವಾಸ: ಕಡಿಮೆ.” ಹುಡುಗ ಓದಿ, “ಸಾರ್, ಆತ್ಮವಿಶ್ವಾಸ ಕಡಿಮೆ ಇರೋದು ನನಗಾ, ಅದಕ್ಕಾ?” ಅಂದ. ಬ್ಯಾಂಡಿಟ್ ಪ್ರತಿ ಪತ್ತೆಯ ಜೊತೆಗೂ ಎರಡು ಮಾತು ಹೇಳುತ್ತದೆ: ಇದು ಎಷ್ಟು ಕೆಟ್ಟದ್ದು, ಇದು ನಿಜವೆಂದು ತನಗೆ ಎಷ್ಟು ಕಾನ್ಫಿಡೆನ್ಸ್ ಎಂದು. ಎರಡನೆಯದಕ್ಕೆ ‘ಖಾತ್ರಿ’ ಸಾಕಲ್ಲವೇ? “ಖಾತ್ರಿ: ಕಡಿಮೆ” ಅಂದರೆ ಯಾರಿಗೂ ತಿಳಿಯುತ್ತದೆ. ಇದರ ಬಗ್ಗೆ ಜಗಳವಿಲ್ಲ ಅಂದುಕೊಂಡಿದ್ದೇನೆ.

ಜಗಳ ಇರುವುದು ‘ದುರ್ಬಲತೆ’ಯ ಹತ್ತಿರ. ವಲ್ನರಬಿಲಿಟಿಗೂ ಅದೇ, ವೀಕ್‌ನೆಸ್‌ಗೂ ಅದೇ. ಆದರೆ ಈ ಕಸುಬಿನಲ್ಲಿ ಅವೆರಡೂ ಬೇರೆ ಬೇರೆ ಪಟ್ಟಿಗಳು. 1999ರಲ್ಲಿ ಶುರುವಾದ ಸಿವಿಇ ವಲ್ನರಬಿಲಿಟಿಗಳ ಪಟ್ಟಿ, ಅದರಲ್ಲಿ ಒಂದೊಂದು ನಮೂದೂ ಇಂಥದೇ ತಂತ್ರಾಂಶದಲ್ಲಿ ಸಿಕ್ಕ ಇಂಥದೇ ತೂತು. ಲಾಗ್‌ಫೋರ್‌ಜೆ ಎಂಬ ತಂತ್ರಾಂಶದಲ್ಲಿ ಸಿಕ್ಕು ಜಗತ್ತಿನ ನಿದ್ದೆ ಕೆಡಿಸಿದ್ದು ಸಿವಿಇ-2021-44228. ವೀಕ್‌ನೆಸ್‌ಗಳ ಸಿಡಬ್ಲ್ಯುಇ ಪಟ್ಟಿ ಹಾಗಲ್ಲ, ಅದು ತಪ್ಪಿನ ಜಾತಿಗಳನ್ನು ಹೇಳುತ್ತದೆ. ಬಳಕೆದಾರ ಟೈಪು ಮಾಡಿದ್ದನ್ನು ಹಾಗೇ ತಂದು, ಡೇಟಾಬೇಸಿಗೆ ಆದೇಶ ಕೊಡುವ ಎಸ್‌ಕ್ಯೂಎಲ್ ಸಾಲಿಗೆ ಅಂಟಿಸುವ ತಪ್ಪು ಸಿಡಬ್ಲ್ಯುಇ-89. ಅದು ಯಾರ ಕೋಡಿನಲ್ಲೂ ಇರಬಹುದು. ನಮ್ಮ ಹುಡುಗನದ್ದೂ ಅದೇ, ಬ್ಯಾಂಡಿಟ್ ಅದಕ್ಕೆ ಬಿ608 ಅನ್ನುತ್ತದೆ. ಎರಡನ್ನೂ ‘ದುರ್ಬಲತೆ’ ಎಂದರೆ ಜ್ವರಕ್ಕೂ ಜ್ವರ ಬಂದವನಿಗೂ ಒಂದೇ ಹೆಸರಿಟ್ಟ ಹಾಗೆ.

ಇನ್ನೊಂದು ತಕರಾರು. ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ಯಾರಾದರೂ ದುರ್ಬಲ ಅಂದಾರೆಯೇ? ಕೋಟೆ ಗಟ್ಟಿಯೇ ಇತ್ತು, ಒಂದು ಕಿಂಡಿ ಇತ್ತು, ಅಷ್ಟೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಲು ನೋಡಿದ್ದು ಅಲ್ಲೇ, ಅದೂ ಕಾವಲುಗಾರ ಊಟಕ್ಕೆ ಹೋದಾಗ. ಓಬವ್ವ ಒನಕೆ ಹಿಡಿದು ನಿಂತದ್ದು ಆ ಕಿಂಡಿಯ ಬಾಯಲ್ಲಿ. ವಲ್ನರಬಿಲಿಟಿ ಎಂದರೇನು ಎಂದು ಹುಡುಗರಿಗೆ ಹೇಳಲು ಇದಕ್ಕಿಂತ ಚೆನ್ನಾದ ಕತೆ ನನಗೆ ಸಿಕ್ಕಿಲ್ಲ.

ಹಾಗಾಗಿ ನನ್ನ ಪ್ರಸ್ತಾಪ: ವೀಕ್‌ನೆಸ್‌ಗೆ ‘ಸಡಿಲ’, ವಲ್ನರಬಿಲಿಟಿಗೆ ‘ಕಿಂಡಿ’, ಎಕ್ಸ್‌ಪ್ಲಾಯಿಟ್‌ಗೆ ‘ಕನ್ನ’. ಗೋಡೆಯ ಕಲ್ಲು ಸಡಿಲ, ಅಲ್ಲೊಂದು ಕಿಂಡಿ, ಅದರಲ್ಲಿ ಕಳ್ಳ ಹಾಕುವುದು ಕನ್ನ. ಕಡೆಯದನ್ನು ಪತ್ರಿಕೆಯವರು ಆಗಲೇ ಮಾಡಿಕೊಟ್ಟಿದ್ದಾರೆ. “ಬ್ಯಾಂಕ್ ಖಾತೆಗೆ ಕನ್ನ” ಓದಿ ಯಾರೂ ಗೋಡೆ ಹುಡುಕುವುದಿಲ್ಲ.

ನೀವು ಎತ್ತುವ ಆಕ್ಷೇಪವನ್ನು ನಾನೇ ಎತ್ತುತ್ತೇನೆ. ಉಡುಪಿಯ ಕನಕನ ಕಿಂಡಿ ದರ್ಶನಕ್ಕೆ, ಕಿಂಡಿ ಅಣೆಕಟ್ಟಿನ ಕಿಂಡಿ ಬೇಕೆಂದೇ ಬಿಟ್ಟದ್ದು. ಎರಡರಲ್ಲೂ ದೋಷವಿಲ್ಲ. ಹಾಗಾದರೆ ಕಿಂಡಿಯನ್ನು, ಕಂಪ್ಯೂಟರು ಜಾಲದ ಮಾತು ಕೇಳಲು ಬೇಕೆಂದೇ ತೆರೆದಿಡುವ ಪೋರ್ಟ್‌ಗೆ ಬಿಟ್ಟುಕೊಟ್ಟು, ಇದಕ್ಕೆ ‘ಕಂಡಿ’ ಇಟ್ಟುಕೊಳ್ಳಬಹುದೇ? ನಮ್ಮ ಕಡೆ ಬೇಲಿಯ ಕಂಡಿಯಲ್ಲಿ ದನ ನುಗ್ಗುತ್ತದೆ, ಯಾರೂ ಬೇಕೆಂದು ಬಿಟ್ಟಿರುವುದಿಲ್ಲ. ಆದರೆ ಒಂದು ಇಕಾರದ ವ್ಯತ್ಯಾಸ ತೀರಾ ತೆಳುವಾಯಿತೋ ಏನೋ.

ತಪ್ಪಿಲ್ಲದ ಕಡೆ ಸ್ಕ್ಯಾನರ್ ತಪ್ಪಿದೆ ಎನ್ನುವ ಫಾಲ್ಸ್ ಪಾಸಿಟಿವ್‌ಗೆ ಸಹಾಯಕ ಕೊಟ್ಟದ್ದು ‘ಸುಳ್ಳು ಧನಾತ್ಮಕ’. ಬಿಟ್ಟುಬಿಡಿ. ‘ಹುಸಿಪತ್ತೆ’ ಇಟ್ಟಿದ್ದೇನೆ, ಸ್ಕ್ಯಾನರ್ ನೋಡದೆ ಬಿಟ್ಟದ್ದಕ್ಕೆ ‘ಕಣ್ತಪ್ಪು’.

‘ಕೋಡ್ ಸ್ಕ್ಯಾನ್’ ಎಂದೇ ಬರೆಯೋಣವೆಂದಿದ್ದೆ. ಅಮ್ಮನಿಗೆ “ಕೋಡ್ ಸ್ಕ್ಯಾನ್ ಮಾಡಿಸ್ತಿದ್ದೀನಿ” ಅಂದರೆ, “ಯಾವ ಅಂಗಡೀಲಿ, ಎಷ್ಟಾಯ್ತು?” ಅಂದರು. ‘ತಪಾಸಣೆ’ಗೆ ಹೋಗಿದ್ದೇನೆ, ಆದರೆ ಸ್ಕ್ಯಾನರ್ ಸ್ಕ್ಯಾನರ್ ಆಗಿಯೇ ಉಳಿದಿದೆ.

ತಂತ್ರಾಂಶದ ತಪ್ಪು ತಿದ್ದುವ ಪ್ಯಾಚ್‌ಗೆ ‘ತೇಪೆ’ ಬೇಡವೆಂದು ಮೊದಲು ಅನಿಸಿತ್ತು. ಕನ್ನಡದಲ್ಲಿ ತೇಪೆ ಹಚ್ಚುವುದು ಮರ್ಯಾದೆಯ ಕೆಲಸವಲ್ಲ. ಆಮೇಲೆ ನಡೆದದ್ದು ಕೇಳಿ. ಹುಡುಗ ಸಹಾಯಕಕ್ಕೆ “ಬ್ಯಾಂಡಿಟ್ ಎಚ್ಚರಿಕೆ ಹೋಗುವ ಹಾಗೆ ಮಾಡು” ಎಂದ. ಅದು ಎಸ್‌ಕ್ಯೂಎಲ್ ಸಾಲನ್ನು ಮುಟ್ಟಲೇ ಇಲ್ಲ, ಸಾಲಿನ ಕೊನೆಗೆ ‘ನೋಸೆಕ್’ ಎಂಬ ಟಿಪ್ಪಣಿ ಸೇರಿಸಿತು. ಆ ಪದ ಕಂಡರೆ ಬ್ಯಾಂಡಿಟ್ ಆ ಸಾಲಿನ ಬಗ್ಗೆ ಬಾಯಿ ಮುಚ್ಚಿಕೊಳ್ಳುತ್ತದೆ. ವರದಿ ಸ್ವಚ್ಛ, ಕಿಂಡಿ ಇದ್ದಲ್ಲೇ ಇದೆ. “ಎಚ್ಚರಿಕೆ ಬೇಡ” ಎನ್ನದೆ “ಕಿಂಡಿ ಮುಚ್ಚು” ಎಂದು ಮತ್ತೆ ಹೇಳಿಸಿದ ಮೇಲೆ, ಬಳಕೆದಾರ ಟೈಪು ಮಾಡಿದ ಹೆಸರು ಬರುವ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಟ್ಟು, ಮೌಲ್ಯವನ್ನು ಬೇರೆಯಾಗಿ ಕಳಿಸುವ ಸರಿಯಾದ ದಾರಿ ಹಿಡಿಯಿತು. ಈಗ ಕೈಪಿಡಿಯಲ್ಲಿ ಮೊದಲನೆಯದು ‘ತೇಪೆ’, ಎರಡನೆಯದು ‘ದುರಸ್ತಿ’.

ಕಿಂಡಿಯೋ ಕಂಡಿಯೋ, ನಿಮ್ಮ ಊರಲ್ಲಿ ಬೇಲಿಗೆ ಯಾವುದು, ಗೋಡೆಗೆ ಯಾವುದು ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಕರಾವಳಿ ಮತ್ತು ಧಾರವಾಡ ಕಡೆಯವರು ಮುಖ್ಯವಾಗಿ ಬರೆಯಿರಿ. ‘ಸಡಿಲ’ಕ್ಕೆ ಬದಲಿ ಇದ್ದರೆ ಅದೂ ಬರಲಿ, ಅದು ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ.