‘ಭಾಗದುಘ’ನನ್ನು ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ರಾಜಸೂಯದ, ಅಂದರೆ ವೇದಕಾಲದ ರಾಜನ ಪಟ್ಟಾಭಿಷೇಕದ ಯಾಗದ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಾ ‘ಭಾಗದುಘ’ ಅನ್ನೋ ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಮೊದಲು ಕಂಡಿದ್ದು ನಾಗರಿಯ ಹಳೆಯ ಕೈಬರಹದ ಫೋಟೋದಲ್ಲಿ. ಆ ಲಿಪಿಯಲ್ಲಿ ಘ, ಧ ಎರಡೂ ಅಕ್ಕತಂಗಿಯರ ಹಾಗೆ. ‘ಭಾಗದುಧ’ ಎಂದು ಓದಿಕೊಂಡು ಎರಡು ದಿನ ನಿಘಂಟು ತಿರುವಿದೆ. ಸಿಗೋದಾದರೂ ಹೇಗೆ!

ಸಂದರ್ಭ ಇಷ್ಟು. ಪಟ್ಟಾಭಿಷೇಕಕ್ಕೆ ಮೊದಲು ರಾಜ ತನ್ನ ‘ರತ್ನಿ’ಗಳ, ಅಂದರೆ ಅರಮನೆಯ ಮುಖ್ಯರ ಮನೆಗೆ ಹೋಗಿ, ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದೇವರಿಗೆ ಹವಿಸ್ಸು ಕೊಡಬೇಕು. ಸೇನಾನಿ, ಪುರೋಹಿತ, ಪಟ್ಟದರಸಿ, ಸೂತ, ಗ್ರಾಮಣಿ ಎಲ್ಲ ಈ ಪಟ್ಟಿಯಲ್ಲಿದ್ದಾರೆ. ಪಗಡೆ ನೋಡಿಕೊಳ್ಳುವ ಅಕ್ಷಾವಾಪನೂ ಇದ್ದಾನೆ, ರಾಜ ಕೈಬಿಟ್ಟ ಹೆಂಡತಿಯೂ ಇದ್ದಾಳೆ. ‘ಇವನಿಗಾಗಿಯೇ ಈ ಪಟ್ಟ, ಇವನು ಬಿಟ್ಟುಹೋಗದ ಹಾಗೆ ಮಾಡಿಕೊಳ್ಳುತ್ತಾನೆ’ ಅನ್ನೋ ಅರ್ಥದ ಮಾತು ಯಾಗಗಳನ್ನು ವಿವರಿಸುವ ವೈದಿಕ ಗ್ರಂಥ ಶತಪಥ ಬ್ರಾಹ್ಮಣದಲ್ಲಿ ಇಲ್ಲಿ ಮತ್ತೆಮತ್ತೆ ಬರುತ್ತದೆ. ಕರೆಸಿಕೊಳ್ಳಬಹುದಾಗಿದ್ದ ರಾಜ ತಾನೇ ಹೊಸ್ತಿಲು ತುಳಿಯುತ್ತಾನೆ, ನೋಡಿ. ಇವರೆಲ್ಲ ಬೇಡ ಅಂದರೆ ಅರಸುತನ ನಿಲ್ಲುತ್ತಿರಲಿಲ್ಲ ಅನ್ನಿಸುತ್ತೆ.

ಈ ರತ್ನಿಗಳಲ್ಲಿ ಭಾಗದುಘನೂ ಒಬ್ಬ. ಅವನ ಮನೆಯಲ್ಲಿ ಹವಿಸ್ಸು ಪೂಷ ಎಂಬ ವೇದದ ದೇವರಿಗೆ. ಸರಿ, ಈ ಭಾಗದುಘನ ಕೆಲಸವೇನು? ‘ಭಾಗ’ ಅಂದರೆ ಪಾಲು. ‘ದುಘ’ ಬಂದಿದ್ದು ಹಾಲು ಕರೆಯುವ ‘ದುಹ್’ ಧಾತುವಿನಿಂದ. ಹಾಗಾಗಿ ಪ್ರಜೆಗಳಿಂದ ರಾಜನ ಪಾಲು ಕರೆದುಕೊಳ್ಳುವವನು, ಅಂದರೆ ತೆರಿಗೆಯವನು ಅನ್ನೋದು ಒಂದು ಅರ್ಥ. ಇನ್ನೊಂದು, ಊಟದ ಪಾಲು ಹಾಕಿ ಬಡಿಸುವವನು. ಮಜಾ ಏನಂದರೆ, 14ನೇ ಶತಮಾನದಲ್ಲಿ ವಿಜಯನಗರದಲ್ಲಿ ಕೂತು ವೇದಗಳಿಗೆ ಭಾಷ್ಯ ಬರೆದ ಸಾಯಣರೇ ಒಂದು ಕಡೆ ಮೊದಲನೆಯ ಅರ್ಥ ಹೇಳಿ ಇನ್ನೊಂದು ಕಡೆ ಎರಡನೆಯದು ಹೇಳುತ್ತಾರೆ.

ನನ್ನ ಒಲವು ಎರಡನೆಯದಕ್ಕೆ ಜಾಸ್ತಿ. ‘ಕಾಮದುಘಾ’ ಅನ್ನುತ್ತೇವಲ್ಲ, ಅಲ್ಲಿ ದುಘಾ ಅಂದರೆ ಕರೆಯುವವಳಲ್ಲ, ಕೊಡುವ ಹಸು. ಅದೇ ಲೆಕ್ಕದಲ್ಲಿ ಭಾಗದುಘ ಪಾಲು ಕೊಡುವವನಾಗಬೇಕು, ಅಲ್ವಾ? ಶತಪಥದಲ್ಲೇ ಇನ್ನೊಂದು ಕಡೆ ಪೂಷನನ್ನು ಭಾಗದುಘ ಎಂದು ಕರೆದು, ದೇವತೆಗಳ ಮುಂದೆ ತನ್ನ ಎರಡೂ ಕೈಯಿಂದ ಊಟ ಇಡುವವನು ಎಂದಿದೆ. (ಪಾಪ, ಪೂಷನಿಗೆ ಹಲ್ಲಿಲ್ಲ. ಅವನಿಗೆ ಹಿಟ್ಟು ಮಾಡಿಯೇ ಕೊಡಬೇಕು. ಬಡಿಸೋದು ಮಾತ್ರ ಎಲ್ಲರಿಗೂ!)

ಆದರೆ ನಮ್ಮ ಹಳ್ಳಿಯ ಕಣ ನೆನೆಸಿಕೊಂಡಾಗ ಈ ಜಗಳವೇ ಸುಮ್ನೆ ಅನ್ನಿಸಿತು. ರಾಶಿ ಮಾಡಿದ ದಿನ ಕೊಳಗ ಹಿಡಿದವನು ಊರಿನ ಕೆಲಸಕ್ಕೆ ದವಸದ ಪಾಲು ಪಡೆಯುವ ಆಯಗಾರರಿಗೆ ಅಳೆದು ಕೊಡುತ್ತಿದ್ದ, ಒಡೆಯನ ಪಾಲನ್ನೂ ಅಳೆದು ಪಕ್ಕಕ್ಕಿಡುತ್ತಿದ್ದ. ಅವನು ಹಂಚುವವನೋ ವಸೂಲಿ ಮಾಡುವವನೋ? ಒಂದೇ ಕೈ, ಒಂದೇ ಕೊಳಗ. ತೆರಿಗೆ ಇನ್ನೂ ದವಸ, ದನದ ರೂಪದಲ್ಲೇ ಇದ್ದ ಕಾಲಕ್ಕೆ ಈ ಎರಡು ಕೆಲಸ ಬೇರೆ ಆಗಿರಬೇಕು ಅಂತೇನಿಲ್ಲ.

ಈಗ ಕನ್ನಡದ ಮಾತು. ‘ಪಾಲುಗಾರ’ ಅಂದರೆ ಪಾಲು ಪಡೆಯುವವನಾಗುತ್ತಾನೆ, ಆಗಲ್ಲ. ‘ಹಂಚುಗಾರ’ ಅಂದರೆ ಮಾಡಿನ ಹಂಚು ನೆನಪಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಹಾಲನ್ನೂ ಹಿಂಡುತ್ತಾರೆ ಎಂದು ‘ಪಾಲು ಹಿಂಡುವವ’ ಅಂದೆ. ಮೈಸೂರು ಕಡೆಯ ಗೆಳೆಯರೊಬ್ಬರು ನಕ್ಕು, ‘ಅವನು ಜನರ ರಕ್ತ ಹಿಂಡಿದ ಹಾಗಿದೆ’ ಎಂದರು. ‘ಕರೆ’ ಬಳಸಿದರೆ ಕೂಗಿ ಕರೆಯುವುದು ಅಡ್ಡ ಬರುತ್ತದೆ. ಹಳಗನ್ನಡದಲ್ಲಿ ಹಾಲಿನ ಕಱೆಗೆ ಬೇರೆ ಱಕಾರವಿತ್ತು, ಗೊಂದಲವಿರಲಿಲ್ಲ. ತೆರಿಗೆಯ ‘ಕರ’ವನ್ನು ದಯವಿಟ್ಟು ಇದಕ್ಕೆ ಗಂಟು ಹಾಕಬೇಡಿ, ಅದು ಸಂಸ್ಕೃತದ ಬೇರೆಯೇ ಪದ.

ಸದ್ಯಕ್ಕೆ ‘ಪಾಲಿಡುವವ’ ಎಂದು ಬರೆದಿಟ್ಟಿದ್ದೇನೆ, ಸಮಾಧಾನವಿಲ್ಲ. ನಿಮ್ಮ ಕಡೆ ಕಣದಲ್ಲಿ ಅಳೆದು ಪಾಲು ಹಾಕುತ್ತಿದ್ದವನಿಗೆ ಏನಾದರೂ ಹೆಸರಿತ್ತಾ? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ತಿಳಿಸಿ. ಯಾವ ತಾಲ್ಲೂಕಿನ ಮಾತು ಅನ್ನೋದನ್ನೂ ಬರೆಯಿರಿ.